ಸೊಟ್ಟ ಗೆರಿ

ಬೆಳಿಗ್ಗೆ ಐದಕ್ಕ ಫಾತೋರ್ಡಾದ ಗೇಟು ತೆಗೀತಾರ.
ಸುಣ್ಣದ ಗಾಡಿ ನಂದು. ಒಂದು ಗಾಲಿ ಕೀರಂತೈತಿ,
ಎಣ್ಣಿ ಬಿಟ್ಟರೂ ಅಂತೈತಿ, ಬಿಡದಿದ್ದರೂ.
ಗೂಟ ಹೊಡೆದು, ಹಗ್ಗ ಬಿಗಿದು
ಮೊದಲ ಉದ್ದನ್ನವು ಎರಡು, ಆಮ್ಯಾಲ ಅಡ್ಡನ್ನವು,
ಪೆನಾಲ್ಟಿ ಡಬ್ಬಿ, ಕಡೀಕ ನಡುವಿನ ದುಂಡು.
ಆಟ ಮುಗಿಯೂದ್ರಾಗ ಇಪ್ಪತ್ತೆರಡು ಮಂದಿ
ತುಳಿದು ಅಳಿಸಿರ್ತಾರ.
ಮರುದಿನ ಮತ್ತ ನಾನ.

ಆ ವರ್ಷ ಅಂವ ಬಂದ. ಎರ್ವಾನ್ ಕೆರ್ಬ್ರಾ.
ನನ್ನ ನಾಲಿಗಿ ಈರಣ್ಣ ಅಂತು,
ಅವಗೂ ಅದ ಹತ್ತಿತು.
ಮೂವತ್ತೇಳು ವಯಸ್ಸು, ಎರಡು ಮೊಣಕಾಲು, ಎರಡೂ ಹೊಲಿದವು.
ಫ್ರಾನ್ಸಿನ ನೀಲಿ ಅಂಗಿ ನಲವತ್ತೊಂದು ಸಲ ತೊಟ್ಟಾನಂತ,
ನಲವತ್ತೊಂದರಾಗ ಒಂದೂ ಗೋಲಿಲ್ಲ.
ಇಲ್ಲಾ, ಒಂದೈತಿ:
ತನ್ನ ಬಲಿಯೊಳಗ ತಾನ ಹಾಕ್ಕೊಂಡದ್ದು,
ಯಾವುದೋ ಮಂಜಿನ ರಾತ್ರಿ, ಪರದೇಶದಾಗ, ಮೊಣಕಾಲಿಗೆ ತಾಗಿ.
ನಮ್ಮ ಹುಡುಗರು ಮೊಬೈಲಿನಾಗ ಹುಡುಕಿ ನೋಡಿದರು.
ಹಿಂದ ನಿಂತು ಅಂವನೂ ನೋಡಿದ.
‘ಕೀಪರ್ ಕೂಗಿದ್ದ. ನನಗ ಕೇಳಲಿಲ್ಲ.’
ಅಷ್ಟ ಅಂದ.

‘ಹದಿನೆಂಟು ವರ್ಷ ಏನು ಮಾಡಿದಿ ಮತ್ತ?’
ನನ್ನದೊಂದು ಮುರುಕು ಇಂಗ್ಲಿಷು, ಅವನದೊಂದು ಮುರುಕು,
ಎರಡೂ ಕೂಡಿ ಹೆಂಗೋ ಒಂದು ಮಾತಾಗ್ತಿತ್ತು.
ಸುಣ್ಣದಾಗ ಬೊಟ್ಟು ಅದ್ದಿ ಹುಲ್ಲಿನ ಮ್ಯಾಲ ಚುಕ್ಕಿ ಇಟ್ಟ:
ಇಲ್ಲಿ ಚೆಂಡು. ಇಲ್ಲಿ ಆ ಮಗ. ಇಲ್ಲಿ ನಾ.
ನಾ ಒಂದು ಹೆಜ್ಜಿ ಮೊದಲ ಹಿಂಗ ಬಂದ್ನೆಪಾ,
ಅಂವ ಪಾಸ್ ಕೊಡೂದ ಇಲ್ಲ.
ಕೊಡದ ಪಾಸು ಯಾವ ಪೇಪರಿನಾಗ ಬರತೈತಿ?

ನನಗ ಬೈನಾ ನೆನಪಾತು.
ದಂಡಿ ಮ್ಯಾಲಿನ ನಮ್ಮ ತಗಡಿನ ಮನಿ,
ಬುಲ್ಡೋಜರ್ ಬಂದ ದಿನ,
ಹೊಸ್ತಿಲದಾಗ ಕೈ ಅಗಲಿಸಿ ನಿಂತ ನಮ್ಮವ್ವ.
ಹೇಳಬೇಕಂದೆ.
ಇಂಗ್ಲಿಷು ಸಾಲಲಿಲ್ಲ.

ಓಟ ಹೋಗಿತ್ತು ಅವನ ಕಾಲಾಗಿಂದು.
ಎದುರಿನ ಹತ್ತೊಂಬತ್ತರ ಪೋರರು ಗಾಳಿ ಹಂಗ ಬರೋರು.
ಈರಣ್ಣ ಓಡತಿರಲಿಲ್ಲ, ಮೊದಲ ಹೋಗಿ ನಿಂತಿರ್ತಿದ್ದ,
ವಾಸ್ಕೋ ಸ್ಟ್ಯಾಂಡಿನಾಗ ಕದಂಬಾ ಬಸ್ಸಿಗೆ ನಿಂತಂಗ,
ಚೆಂಡು ಬಂದು ಅವನ ಕಾಲಬುಡದಾಗ ಬ್ರೇಕ್ ಹಾಕತಿತ್ತು.
ಸಂಜಿಕ ಮೀನಿನ ಕ್ರೇಟಿನಾಗ ಐಸು,
ಬಂಗಡಿ ವಾಸನಿ ಹೋಗದ ಕ್ರೇಟು,
ಮೊಣಕಾಲೆರಡೂ ಅದರಾಗಿಟ್ಟು ಕೂಡತಿದ್ದ.
ಅವರಪ್ಪನೂ ಮೀನು ಹಿಡಿಯಾಂವಂತ.
ವಾಸನಿ ಮೂಗಿಗಿ ಬಂದರ ಕಣ್ಣು ಮುಚ್ಚತಿದ್ದ.

ಕಡೀ ಆಟದ ದಿನ ಐದಕ್ಕ ಗೇಟಿನ್ಯಾಗ ಅದಾನ.
‘ಕೊಡು’ ಅಂದ. ಗಾಡಿ ಕೊಟ್ಟೆ.
ಹಗ್ಗ ಬ್ಯಾಡಂದ.
ಜೀವಮಾನ ಪೂರ್ತಿ ಈ ಗೆರಿ ಕಾದಾನ,
ಎಳಿಯಾಕ ಬರೂದಿಲ್ಲ ಮಾರಾಯಗ!
ಪೆನಾಲ್ಟಿ ಡಬ್ಬಿಯ ಎಡಗಡಿ ಗೆರಿ
ಒಂದು ಗೇಣು ಹೊರಗ ಹೊಟ್ಟಿ ಬಿಟ್ಟಿತು.
‘ಡಬ್ಬಿ ದೊಡ್ಡದಾದರ ನಷ್ಟ ನಿನಗ’ ಅಂದೆ.
ನಕ್ಕ. ಕಾಲು ಎಳಕೋತ ಹೋದ.
ನಾ ಅದನ್ನ ತಿದ್ದಲಿಲ್ಲ.

ಎಂಬತ್ತನೇ ನಿಮಿಷಕ್ಕ
ಪೋರನೊಬ್ಬ ಅಲ್ಲೇ ನುಗ್ಗಿದ. ಈರಣ್ಣ ತಡದ ಒಂದು ಗಳಿಗಿ.
ಇಬ್ಬರೂ ಬಿದ್ದದ್ದು ಆ ಹೊಟ್ಟಿ ಮ್ಯಾಲ.
ಗೆರಿ ಮ್ಯಾಲ ಆದರ ಒಳಗ ಆದಂಗ, ಕಾಯ್ದೆ.
ರೆಫ್ರಿ ಬೊಟ್ಟು ಮಾಡಿದ.
ಅಂವ ವಾದಸಲಿಲ್ಲ. ಚಡ್ಡಿಗೆ ಹತ್ತಿದ ಸುಣ್ಣ ಝಾಡಿಸಿ
ನಾ ಕುಂತ ಕಡೆ ಒಮ್ಮೆ ನೋಡಿದ.
ಒಂದು–ಸೊನ್ನಿ. ಸೋತಿವಿ.

ಈಗ ತಮ್ಮೂರ ಸಾಲಿಯಾಗ ಹುಡುಗರಿಗೆ
ನಿಲ್ಲೂದು ಕಲಸ್ತಾನಂತ, ಯಾರೋ ಹೇಳಿದರು.
ನಾ ಹಗ್ಗ ಬಿಗಿದ ಎಳಿತೀನಿ.
ಆ ಮೂಲಿಗೆ ಬಂದಾಗ ಮಾತ್ರ
ಗಾಡಿ ತಾನ ಹೊರಗ ವಾಲತೈತಿ,
ತಡದು ಹಿಡೀತೀನಿ.
ಗೆರಿ ನೆಟ್ಟಗ ಬರತೈತಿ.
ಯಾರಿಗೂ ಕಾಣೂದಿಲ್ಲ.