ಹಿಂತಿರುಗಿಸುವ ದಿನಾಂಕ

ಎರಡು ವಾರಕ್ಕೊಮ್ಮೆ ಗುರುವಾರ
ನನ್ನ ಪುಸ್ತಕದ ಬಸ್ಸು
ಫಿನ್‌ಮಾರ್ಕಿನ ಈ ಕೊನೆಯ ಹಳ್ಳಿಯಲ್ಲಿ ನಿಲ್ಲುತ್ತದೆ.
ಇಲ್ಲಿಂದಾಚೆ ರಸ್ತೆಯಿಲ್ಲ.
ಮೀನು ಒಣಗಿಸುವ ಖಾಲಿ ಅಟ್ಟಣೆಗಳು, ಆಮೇಲೆ ಕಡಲು.
ನವೆಂಬರಿನಲ್ಲಿ ರಜೆ ಹಾಕಿ ಹೋದ ಸೂರ್ಯ
ಜನವರಿ ಮುಗಿಯುವವರೆಗೂ ನಾಪತ್ತೆ.

ಇಪ್ಪತ್ತು ನಿಮಿಷದ ನಿಲುಗಡೆ.
ಎಂಜಿನ್ ಆರಿಸುವಂತಿಲ್ಲ. ಆರಿಸಿದರೆ ಡೀಸೆಲ್ಲು ಹೆಪ್ಪುಗಟ್ಟಿ
ನಾನೂ ಮೂರು ಸಾವಿರ ಪುಸ್ತಕಗಳೂ ಇಲ್ಲೇ ಠಿಕಾಣಿ.
ಹುಡುಗರು ಕಾಮಿಕ್ಸು ಒಯ್ಯುತ್ತಾರೆ,
ಶಾಲೆಯ ಮೇಷ್ಟ್ರು ಕೊಲೆಯ ಕಾದಂಬರಿ.
ಬಲೆ ಹೆಣೆಯುವ ಓಡ್ವಾರ್ ಏನನ್ನೂ ಒಯ್ಯುವುದಿಲ್ಲ,
ಬೆಚ್ಚಗಿದೆಯೆಂದು ಬಂದು ಕೂರುತ್ತಾನೆ.
ಮರಳಿ ಬಂದ ಪುಸ್ತಕಗಳಲ್ಲಿ ಸಿಕ್ಕಿದ್ದನ್ನೆಲ್ಲ
ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ:
ದೋಣಿಯ ಟಿಕೆಟ್ಟು, ಉಣ್ಣೆಯ ಎಳೆ, ಯಾರದೋ ಹಲ್ಲಿನ ಎಕ್ಸ್‌ರೇ,
ಪೆನ್ಸಿಲ್ಲಿನಲ್ಲಿ ಬರೆದ ಅರ್ಧ ಪ್ರಾರ್ಥನೆ.
ಉಳಿದರ್ಧ ಯಾರ ಬಾಯಲ್ಲಿದೆಯೋ.

ಬೊರ್ಗ್‌ಹಿಲ್ ಮುದುಕಿಗೆ ಎರಡು ಕಣ್ಣಲ್ಲೂ ಪೊರೆ.
ಪ್ರತಿ ಸಲವೂ ಅದೇ ಹಳೆಯ ಪ್ರವಚನದ ಪುಸ್ತಕ ಹಿಡಿದು
ಮೆಟ್ಟಿಲ ಬಳಿಯ ಮಡಚುಕುರ್ಚಿಯಲ್ಲಿ ಕೂತು
"ಒಂದೆರಡು ಪುಟ ಓದಮ್ಮ" ಅನ್ನುವಳು.

ನನಗೋ, ಅದು ಕೈಬಿಟ್ಟ ಕಸುಬು.
ಅಪ್ಪ ಪ್ರಾರ್ಥನಾಮನೆಯಲ್ಲಿ ಬೋಧಿಸುತ್ತಿದ್ದವನು,
ಹದಿನಾಲ್ಕಕ್ಕೇ ನನಗೆ ಎಲ್ಲ ಬಾಯಿಪಾಠ.
ಈಗ ನನ್ನ ಭಕ್ತಿಯೆಲ್ಲ ಗೇರಿನ ಹಿಡಿಯಷ್ಟೇ ಉದ್ದ:
ಮಂಜುಗಟ್ಟಿದ ಇಳಿಜಾರಿನಲ್ಲಿ "ಕರ್ತನೇ" ಅನ್ನುತ್ತೇನೆ,
ಸಮತಟ್ಟು ಬಂದೊಡನೆ
ರೇಡಿಯೋ ಹಾಕುತ್ತೇನೆ.

ಆದರೂ ಓದಿದೆ. ಕೋಟು ಕಳಚದೆ, ಗಡಿಯಾರ ನೋಡುತ್ತ.
ಗಂಟಲಿಗೆ ಅಪ್ಪನ ಏರಿಳಿತ ತಾನಾಗಿ ಬಂತು,
ಖಾಲಿ ಮನೆಯಲ್ಲೂ ಹಳೆಯ ನಾಯಿ
ಊಟದ ಹೊತ್ತಿಗೆ ಸರಿಯಾಗಿ ಬಂದ ಹಾಗೆ.
ನಾನು ನಂಬದ್ದನ್ನು ನನ್ನ ದನಿ ನಂಬಿತ್ತು.

ನಲವತ್ತೊಂದನೆಯ ಪುಟದಲ್ಲಿ ಮಾತ್ರ
ಒಂದು ಪ್ಯಾರಾ ಹಾರಿಸಿದೆ.
ಮುದುಕಿಗೆ ಹೇಗೆ ಗೊತ್ತಾದೀತು?
ಮತ್ತೆ ಓದಿಸಿದಳು, ಮತ್ತೆ ಹಾರಿಸಿದೆ.
ಮೂರು ಚಳಿಗಾಲ.

ಈ ಮಾರ್ಚಿನಲ್ಲಿ ಬಂದಳು, ಊರುಗೋಲಿಲ್ಲದೆ.
ಟ್ರೊಮ್ಸೊದ ಆಸ್ಪತ್ರೆಯಲ್ಲಿ ಕಣ್ಣು ಬಿಡಿಸಿಕೊಂಡು ಬಂದಿದ್ದಳು.
"ನಿನ್ನ ಕೂದಲು ಕೆಂಪಂತ ಯಾರೂ ಹೇಳಿರಲಿಲ್ಲ" ಅಂದು ನಕ್ಕಳು.
ನನಗೆ ಖುಷಿಯಾಗಬೇಕಿತ್ತು.
ಕೆಲಸ ಕಳಕೊಂಡವಳ ಹಾಗೆ ನಿಂತಿದ್ದೆ.

ಆಮೇಲೆ, ತಗ್ಗಿದ ದನಿಯಲ್ಲಿ:
"ನಲವತ್ತೊಂದರಲ್ಲಿ ಎಂಟು ಸಾಲು ನುಂಗಿದ್ದೀಯಲ್ಲ."

ನುಂಗಿದ್ದೆ.
ಕಡಲು ತಾನು ಒಯ್ದವರನ್ನೆಲ್ಲ
ಒಂದು ದಿನ ದಡಕ್ಕೆ ತಂದೊಪ್ಪಿಸೀತೆಂಬ ಸಾಲುಗಳು.
ತಮ್ಮ ಟೂರ್‌ಸ್ಟೈನನ ದೋಣಿ ಮಾತ್ರ ಸಿಕ್ಕಿತ್ತು,
ಅದರೊಳಗೆ ಕಾಫಿಯ ಫ್ಲಾಸ್ಕು, ಮುಚ್ಚಳ ಬಿಗಿಯಾಗಿ.
ಹನ್ನೊಂದು ವರ್ಷ.
ಹಿಂತಿರುಗಿಸುವ ದಿನಾಂಕವನ್ನು ದಿನಕ್ಕೆ ನೂರು ಸಲ
ಒತ್ತುವ ಕೈ ನನ್ನದು.
ಗಡುವಿಲ್ಲದ ಸಾಲವನ್ನು
ಯಾವ ಬಾಯಲ್ಲಿ ಓದಲಿ?

"ಕೂತುಕೋ" ಅಂದಳು.
ಮಡಚುಕುರ್ಚಿಯಲ್ಲಿ ನಾನು.
ನಿಂತು ಓದಿದಳು, ಸಾಲಿನಡಿ ಹೆಬ್ಬೆರಳಿಟ್ಟು, ಒಂದನೇ ಕ್ಲಾಸಿನ ಮಗುವಿನಂತೆ
ತಡವರಿಸಿ, ಹಿಂದೆ ಹೋಗಿ, ಮತ್ತೆ ಹಿಡಿದು.
ಸಮಾಧಾನವೇನೂ ಹೇಳಲಿಲ್ಲ.
ಎಂಟು ಸಾಲು, ಅಷ್ಟೇ.
ನಂಬಿದೆನೇ? ಗೊತ್ತಿಲ್ಲ.
ಕಿಟಕಿಯಾಚೆ ಕಡಲು ಇತ್ತು,
ಎಂದಿನಂತೆ, ಸಾಲಗಾರನಂತೆ, ಮುಖ ತಿರುವಿಕೊಂಡು.

ಹೊರಡಲು ಕಾಲು ಗಂಟೆ ತಡವಾಗಿತ್ತು.
ಮುಂದಿನ ಊರಿನಲ್ಲಿ ಕಾಯುತ್ತಿರುತ್ತಾರೆ, ಬೈಯುತ್ತಾರೆ.
ಕಣ್ಣೊರೆಸಿ ಮೊಹರಿಗೆ ಕೈ ಚಾಚಿದೆ.

ಹೀಟರಿನ ಪಕ್ಕದಿಂದ
ಇಷ್ಟು ವರ್ಷ ಒಂದು ಪುಸ್ತಕವನ್ನೂ ಮುಟ್ಟದ ಓಡ್ವಾರ್
ಕೆಮ್ಮಿ, ಟೋಪಿ ತೆಗೆದು,
"ಆ ಕೊನೇ ಸಾಲು" ಅಂದ,
"ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ."