ಮೂರು ಮೀಟರು

ನೆಲಕ್ಕೆ ಹಳದಿ ಟೇಪು ಅಂಟಿಸಿದ್ದೇನೆ.
ಕುರ್ಚಿಯಿಂದ ಅಲ್ಲಿಗೆ ಮೂರು ಮೀಟರು.
ಏಳಬೇಕು, ನಡೆಯಬೇಕು, ತಿರುಗಬೇಕು,
ಬಂದು ಕೂರಬೇಕು. ಅಷ್ಟೇ.
ಕೈಯಲ್ಲಿ ಸ್ಟಾಪ್‌ವಾಚು. ಕಂಕನಾಡಿಯ ಬಿಸಿಲು
ಕಿಟಕಿಯಿಂದ ಬಂದು ಟೇಪಿನ ಆಚೆ ಕೂತಿದೆ.

"ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದೀರಿ?"
"ಬೀಳುದಾ? ನಾನಾ?" ಐತಪ್ಪ ಶೆಟ್ಟಿಗಾರರು ನಗುತ್ತಾರೆ.
"ಮೂವತ್ತೊಂದು ವರ್ಷ ತಲಪಾಡಿ ಬಸ್ಸಿನ ಕಂಡಕ್ಟರ್ ಮಾರಾಯ್ರೆ,
ಒಂದು ದಿನ ಕಂಬಿ ಹಿಡಿದವನಲ್ಲ."
ಅವರ ಬೆನ್ನ ಹಿಂದೆ ಸುಗಂಧಿಯಕ್ಕ
ಸೆರಗಿನ ಮರೆಯಲ್ಲಿ ಮೂರು ಬೆರಳು ಎತ್ತುತ್ತಾರೆ.
ಸ್ವಲ್ಪ ತಡೆದು, ನಾಲ್ಕನೆಯದು.

ಕುರ್ಚಿಯ ಕೈ ಒತ್ತಿ ಎದ್ದರು, ಅದನ್ನೂ ಬರೆದುಕೊಂಡೆ.
ಹೆಜ್ಜೆ ಏಳುತ್ತಿಲ್ಲ, ನೆಲ ಉಜ್ಜುತ್ತಿದೆ.
ಟೇಪಿನ ಹತ್ತಿರ, ತಿರುಗುವಲ್ಲಿ, ನಿಂತೇಬಿಟ್ಟರು
ಯಾರೋ ಇಳಿಯಲಿಕ್ಕಿರುವ ಹಾಗೆ.
ಹದಿನೆಂಟೂವರೆ ಸೆಕೆಂಡು.
"ಲೇಟಾಯ್ತಾ?" ಕೇಳಿದರು,
"ಹಿಂದಿನ ಬಸ್ಸಿನವ ಈಗ ಬೈತಾನೆ."

ಪಾದ ಜೋಡಿಸಿ ನಿಲ್ಲಿ. ಈಗ ಕಣ್ಣು ಮುಚ್ಚಿ.
ನಾನು ಹಿಂದೆ, ಎರಡೂ ಕೈ ಅವರ ಸೊಂಟದ ಬಳಿ,
ಮುಟ್ಟದೆ.
ಎಡಕ್ಕೆ ವಾಲಿದರು, ಮತ್ತೆ ಬಲಕ್ಕೆ,
ಸದ್ದಿಲ್ಲದ ಬಸ್ಸೊಂದು
ನಮ್ಮಿಬ್ಬರನ್ನೂ ಹೊತ್ತು ಹೊರಟ ಹಾಗೆ.
"ಇದು ನೇತ್ರಾವತಿ ಸೇತುವೆ" ಎಂದರು, ಕಣ್ಣು ಮುಚ್ಚಿಯೇ,
"ಇಲ್ಲಿ ಚಿಲ್ಲರೆ ಎಣಿಸಬಾರದು.
ಒಂದೊಂದು ಜಾಯಿಂಟಿಗೂ ಒಂದೊಂದು ನಾಣ್ಯ ಹಾರ್ತದೆ."
ಏಳನೆಯ ಸೆಕೆಂಡಿಗೆ ನನ್ನ ಕೈಗೆ ಬಂದರು.
ಅಂಗಿಯ ಬೆನ್ನು ತಣ್ಣಗೆ ಒದ್ದೆಯಾಗಿತ್ತು.

ಕೊನೆಯದು, ಗೋಡೆಯ ಮೇಲಿನ ಅಳತೆಪಟ್ಟಿ.
ಹೆಜ್ಜೆ ಕದಲಿಸದೆ ಕೈ ಮುಂದೆ ಚಾಚಬೇಕು.
ಹದಿಮೂರು ಸೆಂಟಿಮೀಟರು. ಇನ್ನೊಮ್ಮೆ. ಹದಿಮೂರು.
ಯಾಕೋ, ಕೋಟಿನ ಜೇಬಿನಲ್ಲಿದ್ದ ಇಪ್ಪತ್ತರ ನೋಟು
ಉದ್ದಕ್ಕೆ ಮಡಚಿ ದೂರದಿಂದ ಹಿಡಿದೆ:
"ತೊಕ್ಕೊಟ್ಟು, ಒಂದು."
ಕೈ ಹೋಯಿತು. ಕೈಯ ಹಿಂದೆ ಮೈ ಹೋಯಿತು.
ಬೆರಳ ಸಂದಿಗೆ ನೋಟು ಸಿಕ್ಕಿಸಿಕೊಂಡು
ಇಪ್ಪತ್ತೊಂದರ ಗೆರೆಯಲ್ಲಿ ನಿಂತರು,
ಹಿಮ್ಮಡಿ ಅಲುಗಲಿಲ್ಲ.
"ಒಂದು ರುಪಾಯಿ ಚೇಂಜ್ ಉಂಟಾ?"

ಕಾಗದದಲ್ಲಿ ಹದಿಮೂರೇ ಬರೆದೆ.
ನೋಟು ತೋರಿಸಿ ಅಳೆಯುವ ಪದ್ಧತಿ ಇಲ್ಲ.
ರಾತ್ರಿ ಎರಡಕ್ಕೆ ಬಚ್ಚಲಿಗೆ ಹೋಗುವ ದಾರಿಯಲ್ಲಿ
ಯಾರೂ ಟಿಕೇಟಿಗೆ ಕೈ ಚಾಚಿ ನಿಂತಿರುವುದಿಲ್ಲ.

ಬಚ್ಚಲ ಗೋಡೆಗೊಂದು ಕಂಬಿ ಹಾಕಿಸಿ, ಎಂದೆ,
ಸೊಂಟದೆತ್ತರಕ್ಕೆ.
ಆ ಮಾತಿಗೆ ಅವರು ಕಿಟಕಿಯ ಕಡೆ ತಿರುಗಿದರು.
ಎಷ್ಟಾದೀತು, ಸುಗಂಧಿಯಕ್ಕ ಕೇಳಿದರು.
ನನ್ನ ಇಪ್ಪತ್ತು ರುಪಾಯಿ
ಇನ್ನೂ ಅವರ ಬೆರಳ ಸಂದಿಯಲ್ಲೇ ಇತ್ತು.