ಮೂವತ್ತೊಂದನೆಯ ಹಸಿರು

ತಾರ್ತುವಿನಲ್ಲಿ ಹಗಲು ಅಳೆಯಲಾಗುವುದಿಲ್ಲ.
ಸೇತುವೆ ದಾಟುವ ಪ್ರತಿ ಲಾರಿಗೂ
ನೆಲಮಾಳಿಗೆಯ ಈ ಮೇಜು ಬೆಚ್ಚುತ್ತದೆ,
ಮೇಜಿನೊಂದಿಗೆ ಮಸೂರ, ಮಸೂರದೊಂದಿಗೆ ನಾನು.
ಹಾಗಾಗಿ ರಾತ್ರಿ ಹನ್ನೊಂದಕ್ಕೆ ಬರುತ್ತೇನೆ,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ.
ಆಗೊ ಹೋಗುವಾಗ ಚೀಟಿ ಅಂಟಿಸಿರುತ್ತಾನೆ:
"ಉರ್ವೆ, ಕನ್ನಡಿ ಒರೆಸಿದ್ದೇನೆ. ಉಸಿರು ಬಿಡಬೇಡ."

ಗಾಜಿನ ಮೇಲೆ ಸಿಲಿಕಾನ್ ಚೂರುಗಳು.
ಚೂರು ಅಂದರೆ ಅದೂ ದೊಡ್ಡ ಮಾತು,
ಕೂದಲೆಳೆಯ ಅಡ್ಡಕ್ಕೆ ಐನೂರು ಸಾಲುಗಟ್ಟುತ್ತವೆ.
ಆದರೂ ಕತ್ತಲಲ್ಲಿ ಓರೆಯಾಗಿ ದೀಪ ಹಾಯಿಸಿದರೆ
ಸಣ್ಣವು ನೀಲಿ, ನಡುವಿನವು ಹಸಿರು,
ಮೈ ತುಂಬಿಕೊಂಡವು ಕೆಂಪು.
ಯಾರೂ ಬಳಿದದ್ದಲ್ಲ;
ಇಲ್ಲಿ ಬಣ್ಣವೆಂದರೆ ಬರೀ ಗಾತ್ರ.

ಇಂದು ಮೂವತ್ತೊಂದನೆಯದು. ಹಸಿರು.
ಅದರ ಮೇಲೆ ಲೇಸರ್ ಇಳಿಸಬೇಕು,
ಎಷ್ಟು ಕಾದೆ ಎಂದು ಕೇಳಬೇಕು.
ಯಾವ ಥರ್ಮಾಮೀಟರಿನ ಮೂತಿ ಅಲ್ಲಿಗೆ ಹೋದೀತು?
ಕಣವೇ ಹೇಳಬೇಕು. ಹೇಳುತ್ತದೆ:
ತಣ್ಣಗಿದ್ದಾಗ ಅದರ ಗೆರೆ ಐನೂರಿಪ್ಪತ್ತರಲ್ಲಿ,
ಕಾದಂತೆಲ್ಲ ಜಾರುತ್ತ, ಅಗಲಿಸುತ್ತ,
ನಿದ್ದೆಗಣ್ಣಿನಲ್ಲಿ ಬರೆದ ಅಕ್ಷರದ ಹಾಗೆ.

ವೊರುವಿನಲ್ಲಿ ಹಿಲ್ಯಾ ಅಜ್ಜಿಯ ಒಲೆಗೂ
ಅಳತೆಯ ಮುಳ್ಳಿರಲಿಲ್ಲ.
ಕೆಂಡ ಎಳೆದು, ಒಳಗಿನ ಕಲ್ಲಿನ ಮೇಲೆ
ಚಿಟಿಕೆ ರೈ ಹಿಟ್ಟು ಎರಚುತ್ತಿದ್ದಳು.
ಥಟ್ಟನೆ ಕಪ್ಪಾದರೆ ಕಾಯಬೇಕು,
ಮೆಲ್ಲಗೆ ಕಂದಿದರೆ ಬ್ರೆಡ್ಡಿಗೆ ಹದ.
ನಾನು ಮತ್ತೆ ಮತ್ತೆ ಬಾಗಿಲು ಸರಿಸಿ ಇಣುಕಿದರೆ
ಗದರುತ್ತಿದ್ದಳು: "ನೋಡಿ ನೋಡಿಯೇ ಕೆಡಿಸುತ್ತೀಯಲ್ಲೇ,
ನಿನ್ನ ಕಣ್ಣಿನ ಚಪಲಕ್ಕೆ ಶಾಖವೆಲ್ಲ ಹೊರಗೆ!"

ಇಲ್ಲಿ ಅದು ತಿರುಗುಮುರುಗು.
ನೋಡುವ ಬೆಳಕೇ ಕಾಯಿಸುವ ಬೆಳಕು.
ಮೆಲ್ಲಗೆ ನೋಡಿದರೆ ಏನೂ ಕಾಣದು,
ಚೆನ್ನಾಗಿ ನೋಡಿದರೆ ಬೇಯುತ್ತದೆ.

ಎರಡು ಮಿಲಿವಾಟ್. ಐನೂರ ಹದಿಮೂರು.
ಮೂರೂವರೆ. ಐನೂರ ನಾಲ್ಕು.
ಚಹಾ ಆರಿದೆ, ಬೆರಳು ತಿರುಪನ್ನು ಬಿಟ್ಟಿಲ್ಲ,
ಇನ್ನೊಂದು ಕೂದಲಷ್ಟು, ಇನ್ನೊಂದು,
ನಾನೂರ ತೊಂಬತ್ತರ ಹತ್ತಿರ ತೂರಾಡುತ್ತಿದ್ದ ಗೆರೆ
ಇಲ್ಲ.
ಪರದೆ ಸಪಾಟು.
ಕರಗಿಹೋಯಿತು.
ಸಾಲು ಮುರಿದ ಪರಮಾಣುಗಳಿಗೆ
ಒಕ್ಕೊರಲೆಂಬುದಿಲ್ಲ.

ಗಾಬರಿಯಲ್ಲಿ ಬೆಳಕು ತಗ್ಗಿಸಿದೆ. ಗೆರೆ ಬಂತು,
ಐನೂರಿಪ್ಪತ್ತಕ್ಕೇ, ಚೂಪಾಗಿ,
ಏನೂ ನಡೆದೇ ಇಲ್ಲ ಎನ್ನುವವರ ಮುಖದಂತೆ.
ನಿಟ್ಟುಸಿರು ಬಿಟ್ಟೆ, ಆಗೊ ಕ್ಷಮಿಸಲಿ.
ದೀಪ ಹಾಕಿದೆ.

ಹಸಿರಿದ್ದಲ್ಲಿ ಕೆಂಪು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದಿಟ್ಟ ಹೋದ ವಾರದ ಚಿತ್ರ
ಯಾರೂ ನೋಡದೆ ಕಡತದಲ್ಲಿ ಬಿದ್ದಿತ್ತು.
ಬಿಡಿಸಿ ನೋಡಿದೆ:
ನಾನು ಒಂದೆಂದು ಎಣಿಸಿದ್ದು ಎರಡಿತ್ತು,
ಸರಿಸಮ ಇಬ್ಬರು, ಮೈಗೆ ಮೈ ತಾಗಿಸಿ.

ಅಜ್ಜಿಯ ಒಲೆಯಲ್ಲೂ ತೀರ ಹತ್ತಿರ ಇಟ್ಟ ಬ್ರೆಡ್ಡುಗಳು
ಪಕ್ಕೆಗೆ ಪಕ್ಕೆ ಅಂಟಿಕೊಳ್ಳುತ್ತಿದ್ದವು.
ಬಿಡಿಸುವಾಗ ಹೊರಡುವ ಹಬೆ,
ಸಿಪ್ಪೆಗಟ್ಟದ ಆ ಮೆತ್ತನೆಯ ಪಕ್ಕೆ ನನ್ನ ಪಾಲಿಗೆ, ಬೆಣ್ಣೆ ಹಚ್ಚಿ.
ಇವನ್ನು ಇನ್ನು ಯಾರೂ ಬಿಡಿಸಲಾರರು.

ನಾಲ್ಕೂಕಾಲು. ದಾಖಲೆ ಪುಸ್ತಕ ತೆರೆದೆ.
ಕಣ ಮೂವತ್ತೊಂದು. ಎಣಿಕೆ: ಒಂದು.
ಬರೆದಾಗ ತಪ್ಪಾಗಿತ್ತು, ಈಗ ಸರಿಯಾಗಿದೆ;
ಹೊಡೆದುಹಾಕಲೋ ಬಿಡಲೋ ತಿಳಿಯದೆ ಬಿಟ್ಟೆ.
ಮೊದಲ ಬಣ್ಣ ಹಸಿರು, ಈಗಿನ ಬಣ್ಣ ಕೆಂಪು.
ಕಾರಣ ಎಂಬ ಕಲಮಿನಲ್ಲಿ,
ಮೊದಲ ಲಾರಿ ಸೇತುವೆಗೆ ಏರುವ ಮುಂಚೆ,
ಅಕ್ಷರ ಅಲುಗದಂತೆ ಬರೆದೆ:
ನೋಡಿದ್ದು.